ಸ್ಟ್ರಾಬೆರಿ: ಎಲೆತೊಟ್ಟು ಉದ್ದ, ಹಂಬು ಜಾಸ್ತಿ, ಹಣ್ಣು ಸೊಟ್ಟ. ಜಿಎ ಹೊಡೆದದ್ದಕ್ಕಾ?

ಬಯಲುಸೀಮೆ_ತೋಟ:
ನಮಸ್ಕಾರ. ಚಿಕ್ಕಬಳ್ಳಾಪುರದ ಹತ್ರ ಪಾಲಿಹೌಸ್‌ನಲ್ಲಿ ವಿಂಟರ್ ಡಾನ್ ತಳಿಯ ಸ್ಟ್ರಾಬೆರಿ ಹಾಕಿದ್ದೀವಿ. ಹೂವು ಬೇಗ ಬರಲಿ ಅಂತ ಅಂಗಡಿಯವರ ಮಾತು ಕೇಳಿ 90% ಜಿಬ್ಬರೆಲಿಕ್ ಆಸಿಡ್ (ಜಿಎ, ಗಿಡ ಬೆಳೆಸೋ ಹಾರ್ಮೋನ್) ಪುಡಿ ತಂದು, 15 ಲೀಟರ್ ಟ್ಯಾಂಕಿಗೆ 2 ಗ್ರಾಂ ಹಾಕಿ ಎರಡು ಸಲ ಹೊಡೆದ್ವಿ. ಈಗ ಎಲೆತೊಟ್ಟು ಮೇಲಕ್ಕೆ ಎದ್ದು ನಿಂತಿದೆ, ಹಂಬು ಹೊರಡ್ತಾನೇ ಇದೆ, ಹೂವು ಮಾತ್ರ ಕಮ್ಮಿ. ಬಿಟ್ಟ ಹಣ್ಣೂ ಸೊಟ್ಟ. ಎಳೆ ಎಲೆ ತುದಿ ಕಪ್ಪಾಗ್ತಿದೆ. ಕ್ಯಾಲ್ಸಿಯಂ, ಬೋರಾನ್ ಒಟ್ಟಿಗೆ ಹೊಡೆಯಬಹುದಾ?

ಮಣ್ಣುಪಾಠ:
ಮೊದಲು ಲೆಕ್ಕ ನೋಡಿ ಸರ್. 2 ಗ್ರಾಂ ಪುಡಿಯಲ್ಲಿ ಜಿಎ 1800 ಮಿಲಿಗ್ರಾಂ. 15 ಲೀಟರಿಗೆ ಅಂದ್ರೆ 120 ಪಿಪಿಎಂ (ಲೀಟರಿಗೆ 120 ಮಿಲಿಗ್ರಾಂ), ಅದೂ ಎರಡು ಸಲ. ನರ್ಸರಿಯವರು ಹಂಬು ಬೇಕು ಅಂತಲೇ ಜಿಎ ಹೊಡೀತಾರೆ, ನಿಮ್ಮಲ್ಲಿ ಆಗಿರೋದೂ ಅದೇ. ವಿಂಟರ್ ಡಾನ್‌ಗೆ ಮೊಗ್ಗು ಕಟ್ಟೋಕೆ ಹಗಲು ಚಿಕ್ಕದಾಗಬೇಕು. ಜಿಎ ಜಾಸ್ತಿಯಾದ್ರೆ ಗಿಡ ಉದ್ದ ಹಗಲಿನಲ್ಲಿ ಇದ್ದ ಹಾಗೆ ನಡ್ಕೊಳ್ಳುತ್ತೆ. ಇನ್ನು ಅಂಗಡಿಯಲ್ಲಿ 0.001% ಅಂತ ಬರೋ ದ್ರವದಲ್ಲಿ, ನೀರು ಬೆರೆಸದೇ ಇದ್ರೂ, ಇರೋದು 10 ಪಿಪಿಎಂ ಅಷ್ಟೇ. ಎರಡರ ಹೆಸರೂ ಜಿಎ, ಡೋಸ್ ಮಾತ್ರ ಆಕಾಶ-ಭೂಮಿ.

ಹೊಡೆದ ಜಿಎಯನ್ನ ಈಗ ಇಳಿಸೋ ಔಷಧಿ ಇಲ್ಲ. ಹಂಬು ಕಂಡಂತೆ ಕತ್ತರಿಸಿ, ಸಾರಜನಕ ಕಮ್ಮಿ ಮಾಡಿ. ಹೊಸ ಎಲೆ ಗಿಡ್ಡಗೆ ಬರೋಕೆ ಶುರುವಾದ್ರೆ ಪರಿಣಾಮ ಇಳೀತಿದೆ ಅಂತ ಅರ್ಥ.

ಹನಿನೀರು:
ಸೊಟ್ಟ ಹಣ್ಣಿಗೆ ಜಿಎಯನ್ನೇ ದೂರೋ ಮುಂಚೆ ಲೆನ್ಸ್ ಹಿಡಿದು ಮೇಲಿನ ಬೀಜ ನೋಡಿ ಅಣ್ಣ. ಸೊಟ್ಟ ಕಡೆ ಬೀಜ ಚಿಕ್ಕದಾಗಿ, ಜೊಳ್ಳಾಗಿ ಇದೆಯಾ? ತಿರುಳು ಬೆಳೆಯೋದು ಆ ಬೀಜ ಕೊಡೋ ಆಕ್ಸಿನ್ ಅನ್ನೋ ಹಾರ್ಮೋನ್‌ನಿಂದ. 1950ರಲ್ಲಿ ನಿಟ್ಷ್ ಅನ್ನೋ ವಿಜ್ಞಾನಿ ಬೀಜ ಕಿತ್ತು ತೋರಿಸಿದ್ರು: ಕಿತ್ತ ಕಡೆ ಹಣ್ಣು ಉಬ್ಬಲಿಲ್ಲ, ಬೀಜದ ಬದಲು ಆಕ್ಸಿನ್ ಹಚ್ಚಿದ್ರೆ ಉಬ್ಬಿತು.

ಬಯಲುಸೀಮೆ_ತೋಟ:
ನೋಡ್ದೆ. ತುದಿಯಲ್ಲಿ ಬೀಜ ಸಾಸಿವೆಗಿಂತ ಸಣ್ಣ, ಬುಡದ ಕಡೆ ಸರಿ ಇದೆ. ಒಳಗೆ ಜೇನು ಬರಲ್ಲ, ನೆಟ್ ಪೂರ್ತಿ ಮುಚ್ಚಿದೆ.

ಹನಿನೀರು:
ಹಾಗಿದ್ರೆ ಪರಾಗಸ್ಪರ್ಶವೇ ಕಾರಣ ಅನ್ಸುತ್ತೆ. ಬೋರಾನ್ ಕೊರತೆಯಿದ್ರೂ ಹೀಗೇ ಆಗಬಹುದು, ಅದಕ್ಕೆ ಎಲೆ ಲ್ಯಾಬಿಗೆ ಕೊಡಿ. ನಸರಿ ಜೇನಿನ (ಮುಳ್ಳು ಚುಚ್ಚದ ಸಣ್ಣ ಜೇನು) ಪೆಟ್ಟಿಗೆ ಸಿಕ್ಕರೆ ಒಳಗಿಡಿ. ಅಲ್ಲಿವರೆಗೆ ಬೆಳಿಗ್ಗೆ ಮೆತ್ತನೆ ಬ್ರಷ್‌ನಲ್ಲಿ ಹೂವಿನ ನಡುವೆ ಸುತ್ತ ಸವರಿ, ಒಂದು ಸಾಲು ಮಾಡಿ ಪಕ್ಕದ ಸಾಲಿನ ಜೊತೆ ಹೋಲಿಸಿ ನೋಡಿ. ಲ್ಯಾಬಿನಲ್ಲಿ ಬೋರಾನ್ ಕಮ್ಮಿ ಅಂತ ಬಂದ್ರೆ ಮಾತ್ರ ಬೋರಾಕ್ಸ್ ಲೀಟರಿಗೆ 1 ಗ್ರಾಂ. ಇದರಲ್ಲಿ ಸಾಕು ಮತ್ತು ವಿಷದ ನಡುವಿನ ಅಂತರ ಬಹಳ ಕಮ್ಮಿ, ಅಂದಾಜಿಗೆ ಹಾಕೋ ವಸ್ತು ಅಲ್ಲ.

ಮಣ್ಣುಪಾಠ:
ತುದಿ ಕಪ್ಪಾಗೋದು ಕ್ಯಾಲ್ಸಿಯಂ ಸಮಸ್ಯೆ, ಆದ್ರೆ ಮಣ್ಣಲ್ಲಿ ಇಲ್ಲ ಅಂತ ಅಲ್ಲ. ನೀರಿನ ಜೊತೆ ಏರೋ ಪೋಷಕಾಂಶ ಅದು. ಒಳಗೆ ತೇವ ಕಟ್ಟಿ ಎಲೆ ನೀರು ಎಳೆಯದಿದ್ರೆ, ಗಿಡ ಓಡಿ ಬೆಳೀತಿದ್ರೆ, ಎಳೆ ತುದಿಗೆ ತಲುಪಲ್ಲ. ಬಲಿತ ಎಲೆಗೆ ಹೊಡೆದದ್ದು ಎಳೆ ಎಲೆಗೆ ಹೋಗೋದೂ ಇಲ್ಲ. ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 3-5 ಗ್ರಾಂ, ಸಂಜೆ, ಸುಳಿಗೆ ನೇರ ಬೀಳುವಂತೆ. ಆದ್ರೆ ಇದರಲ್ಲೂ ಸಾರಜನಕ ಇದೆ, ಡ್ರಿಪ್ಪಿನ ಯೂರಿಯಾ ನಿಲ್ಲಿಸಿ. ಸಲ್ಫೇಟ್, ಫಾಸ್ಫೇಟ್ ಗೊಬ್ಬರದ ಜೊತೆ ಬೆರೆಸಿದ್ರೆ ಗಸಿ ಕಟ್ಟುತ್ತೆ. ಬೋರಾಕ್ಸ್ ನೀರನ್ನ ಕ್ಷಾರ ಮಾಡುತ್ತೆ, ಅದನ್ನೂ ಬೇರೆ ದಿನ ಹೊಡೀರಿ. ಬೋರ್‌ವೆಲ್ ನೀರಿನ ಉಪ್ಪು ಅಳೆಸಿದ್ದೀರಾ? ಹಳೇ ಎಲೆಯ ಅಂಚು ಸುಟ್ಟಿದ್ರೆ ಅದರ ಕಡೆನೂ ಅನುಮಾನ ಇಡಿ.

ಬಯಲುಸೀಮೆ_ತೋಟ:
ಅಂಚು ಸುಟ್ಟಿಲ್ಲ, ತುದಿ ಮಾತ್ರ. ನೀರು ನಾಳೆ ಲ್ಯಾಬಿಗೆ ಕೊಡ್ತೀನಿ, ಎಲೆನೂ. ಎನ್‌ಎಎ (ಆಕ್ಸಿನ್ ಥರದ ಹಾರ್ಮೋನ್) ಹೊಡೆದ್ರೆ ಜಿಎಗೆ ಎದುರಾಗುತ್ತೆ ಅಂತ ಅಂಗಡಿಯವರು ಹೇಳ್ತಿದ್ದಾರೆ?

ಮಣ್ಣುಪಾಠ:
ಬೇಡ. ಮೇಲೊಂದು ಹಾರ್ಮೋನ್ ಹಾಕಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ.