ಆಡಿಯೋಫೈಲ್ ನೆಟ್‌ವರ್ಕ್ ಸ್ವಿಚ್ ಕೈ ಸುಡುವಷ್ಟು ಬಿಸಿ. ಕೆಟ್ಟಿದೆಯಾ?

ತಂತಿಪ್ರಿಯ:
ನೆಟ್‌ವರ್ಕ್‌ನಿಂದ ಹಾಡು ತರಿಸಿ ನುಡಿಸುವ ಸ್ಟ್ರೀಮರ್‌ಗೆ ಅಂತ, ಧ್ವನಿ ಚೆನ್ನಾಗುತ್ತದೆ ಎಂದು ಮಾರುವ ಎಂಟು ಪೋರ್ಟಿನ ಆಡಿಯೋಫೈಲ್ ಸ್ವಿಚ್ ತಂದು ಮೂರು ವಾರವಾಯಿತು. ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೆ ಡೇಟಾಗೆ ತಾಳ ಹಾಕುವ ಓವನ್ ಕ್ಲಾಕ್. ಆನ್ ಮಾಡಿ ಒಂದು ಗಂಟೆ ಆದ ಮೇಲೆ ಐದು ಸೆಕೆಂಡ್ ಕೂಡ ಅದರ ಮೇಲೆ ಕೈ ಇಡೋಕಾಗಲ್ಲ. ಬಳಸುತ್ತಿರುವುದು ಎರಡೇ ಪೋರ್ಟ್. ಜೊತೆಗೆ ಬಂದ ಅಡಾಪ್ಟರ್ ತೆಗೆದು ಲೀನಿಯರ್ ಪವರ್ ಸಪ್ಲೈ ಹಾಕಿ 12 ವೋಲ್ಟ್‌ಗೆ ಇಟ್ಟಿದ್ದೇನೆ. ಹಳೇ ಪ್ಲಾಸ್ಟಿಕ್ ಸ್ವಿಚ್ ಬೆಚ್ಚಗೂ ಆಗುತ್ತಿರಲಿಲ್ಲ!

ಬೆಸುಗೆಕಡ್ಡಿ:
ಸ್ವಿಚ್ ಹಿಂದೆ ಎಷ್ಟು ವೋಲ್ಟ್ ಅಂತ ಬರೆದಿದೆ? ನಿಮ್ಮ ಸಪ್ಲೈನಲ್ಲಿ ಆಂಪಿಯರ್ ಮೀಟರ್ ಇದ್ದರೆ ಅದೆಷ್ಟು ತೋರಿಸುತ್ತದೆ ಹೇಳಿ. ಬರೆದಿರುವುದರಲ್ಲಿ ಅತಿ ಕಡಿಮೆ ವೋಲ್ಟ್‌ಗೆ ಇಳಿಸಿ ಇನ್ನೊಮ್ಮೆ ನೋಡಿ. ಅದಕ್ಕಿಂತ ಕೆಳಗೆ ಬೇಡ.

ತಂತಿಪ್ರಿಯ:
7.5ರಿಂದ 12 ವೋಲ್ಟ್ ಅಂತಿದೆ. 12ರಲ್ಲಿ 0.6 ಆಂಪಿಯರ್. 7.5ರಲ್ಲೂ ಅದೇ 0.6. ಮೀಟರ್ ಸರಿ ಇಲ್ವಾ?

ಬೆಸುಗೆಕಡ್ಡಿ:
ಮೀಟರ್ ಸರಿಯಾಗೇ ಇದೆ ಸರ್, ಕಳ್ಳ ಸಿಕ್ಕ. ಸ್ವಿಚ್ ಒಳಗಿರುವುದು ಲೀನಿಯರ್ ರೆಗ್ಯುಲೇಟರ್. ಸ್ವಿಚಿಂಗ್ ಕನ್ವರ್ಟರ್ ಆಗಿದ್ದರೆ ವೋಲ್ಟ್ ಇಳಿಸಿದಾಗ ಕರೆಂಟ್ ಏರಬೇಕಿತ್ತು. ಲೀನಿಯರ್‌ನದು ಹಾಗಲ್ಲ. ಕರೆಂಟ್ ಅಷ್ಟೇ ಎಳೆಯುತ್ತದೆ, ಹೆಚ್ಚಾದ ವೋಲ್ಟೇಜನ್ನು ಸುಮ್ನೆ ಸುಟ್ಟು ಬಿಸಿ ಮಾಡುತ್ತದೆ. ಚಿಪ್‌ಗೆ 3.3 ವೋಲ್ಟ್ ಬೇಕು ಅಂದುಕೊಳ್ಳಿ. ನೀವು 12 ಕೊಟ್ಟರೆ 8.7 ವೋಲ್ಟ್ ದಂಡ. 0.6ರಿಂದ ಗುಣಿಸಿದರೆ ರೆಗ್ಯುಲೇಟರ್ ಒಂದರಲ್ಲೇ 5.2 ವ್ಯಾಟ್. 7.5 ಕೊಟ್ಟರೆ 2.5 ವ್ಯಾಟ್, ಅರ್ಧಕ್ಕಿಂತ ಕಡಿಮೆ.

ಓವನ್ ಕ್ಲಾಕ್ ಕೂಡ ಹೆಸರಿಗೆ ತಕ್ಕ ಹಾಗೆ ಕ್ರಿಸ್ಟಲನ್ನು ಸದಾ ಕಾಯಿಸಿ ಇಡುವಂಥದ್ದು. ಫ್ಯಾನ್ ಇಲ್ಲ, ಹಾಗಾಗಿ ಎಲ್ಲ ಬಿಸಿಯೂ ಪೆಟ್ಟಿಗೆಯ ಮೈಗೇ ಬರಬೇಕು. ಕೆಟ್ಟಿಲ್ಲ, ಆದರೆ ಹೀಗೇ ಬಿಡಬೇಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು 10 ಡಿಗ್ರಿ ಏರಿದರೆ ಹೆಚ್ಚುಕಮ್ಮಿ ಅರ್ಧವಾಗುತ್ತದೆ. 7.5ರಲ್ಲೇ ಇಡಿ. ಮೇಲೆ ಸ್ಟ್ರೀಮರ್ ಪೇರಿಸಬೇಡಿ.

ರಾಗಬಾಸ್:
ಬಿಸಿಯಾದರೆ ಏನಂತೆ? ಕ್ಲಾಸ್ ಎ ಆಂಪ್ಲಿಫೈಯರ್ ಬಿಸಿಯಾಗಲ್ವಾ? ಓವನ್ ಕ್ಲಾಕ್ ಇದ್ದರೆ ಜಿಟರ್, ಅಂದರೆ ತಾಳದ ಏರುಪೇರು, ಕಡಿಮೆ. ನನಗಂತೂ ಬಾಸ್ ಬಿಗಿಯಾಗಿ ಕೇಳಿಸುತ್ತಿದೆ.

ಬೆಸುಗೆಕಡ್ಡಿ:
ಆಂಪ್ಲಿಫೈಯರ್ ಮುಟ್ಟುವುದು ಸಂಗೀತವನ್ನು. ಸ್ವಿಚ್ ಮುಟ್ಟುವುದು ಡೇಟಾ ಪ್ಯಾಕೆಟ್‌ಗಳನ್ನು. ದಾರಿಯಲ್ಲಿ ಒಂದು ಹಾಳಾದರೆ ಅದನ್ನು ಎಸೆದು, ಟಿಸಿಪಿ ಎಂಬ ನೆಟ್‌ವರ್ಕ್ ನಿಯಮ ಮತ್ತೆ ತರಿಸುತ್ತದೆ. ಬಂದದ್ದೆಲ್ಲ ಸ್ಟ್ರೀಮರ್‌ನ ಬಫರ್‌ನಲ್ಲಿ ಕೂಡಿಬೀಳುತ್ತದೆ. ಅಲ್ಲಿಂದ ಆಚೆ ತಾಳ ಹಾಕುವುದು ಡ್ಯಾಕ್ (ಡಿಜಿಟಲ್ ಡೇಟಾವನ್ನು ಧ್ವನಿಯ ಸಿಗ್ನಲ್ ಮಾಡುವ ಭಾಗ) ಕಡೆಯ ಕ್ಲಾಕ್. ಒಂದು ಕೆಲಸ ಮಾಡಿ: ಹಾಡು ನಡೆಯುತ್ತಿರುವಾಗಲೇ ಲ್ಯಾನ್ ಕೇಬಲ್ ಕಿತ್ತುಬಿಡಿ. ಬಫರ್ ಖಾಲಿಯಾಗುವ ತನಕ ಹಾಡು ನಿಲ್ಲಲ್ಲ. ಆ ಹೊತ್ತಿನಲ್ಲಿ ಬಾಸ್ ಸಡಿಲವಾಯಿತಾ?

ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 1.4 ಮೆಗಾಬಿಟ್, 24 ಬಿಟ್ 192 ಕಿಲೋಹರ್ಟ್ಸ್‌ಗೆ 9.2. ಗಿಗಾಬಿಟ್ ಪೋರ್ಟಿಗೆ ಇದು ತಿಂಡಿಗೂ ಸಾಲದು. ಒಂದೇ ಒಂದು ವಾದ ಒಪ್ಪುತ್ತೇನೆ: ಕೇಬಲ್ ಮೂಲಕ ವಿದ್ಯುತ್ ಗದ್ದಲ ಒಳಗೆ ಬರಬಹುದು. ಆದರೆ ಈಥರ್ನೆಟ್ ಪೋರ್ಟಿನಲ್ಲಿ ಎರಡು ಕಡೆಯನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇದ್ದೇ ಇರುತ್ತದೆ. ಎರಡೂ ಕಡೆ ಲೋಹದ ಪ್ಲಗ್ ಇರುವ ಶೀಲ್ಡೆಡ್ ಕೇಬಲ್ ಹಾಕಿ ಗ್ರೌಂಡ್‌ಗಳನ್ನು ನಾವೇ ಜೋಡಿಸುತ್ತೇವೆ, ಆಮೇಲೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಹಮ್ ಬರುತ್ತದೆ ಅಂತ ಅಳುತ್ತೇವೆ. ಶೀಲ್ಡ್ ಇಲ್ಲದ ಮಾಮೂಲಿ ಯುಟಿಪಿ ಕೇಬಲ್ ಸಾಕು. ಅದಕ್ಕೂ ಸಮಾಧಾನ ಆಗದಿದ್ದರೆ ನಡುವೆ ಫೈಬರ್ ಹಾಕಿ, ಗಾಜಿನಲ್ಲಿ ಕರೆಂಟ್ ಹರಿಯಲ್ಲ.

ತಂತಿಪ್ರಿಯ:
7.5ಕ್ಕೆ ಇಳಿಸಿ ಎರಡು ದಿನವಾಯಿತು. ಈಗ ಆರಾಮಾಗಿ ಕೈ ಇಡಬಹುದು. ಕೇಬಲ್ ಕಿತ್ತಾಗ ಹಾಡು 40 ಸೆಕೆಂಡ್ ನಡೆಯಿತು, ನನಗೇನೂ ಗೊತ್ತಾಗಲಿಲ್ಲ. ಆಮೇಲೆ ತಮ್ಮನನ್ನು ಕೂರಿಸಿ, ನನಗೆ ತೋರಿಸದೆ ಹಳೇದು ಹೊಸದು ಬದಲಿಸು ಅಂದೆ. ಹತ್ತು ಸಲಕ್ಕೆ ಐದು ಸರಿ ಹೇಳಿದೆ. ಕಣ್ಣು ಮುಚ್ಚಿ ಊಹಿಸಿದರೂ ಅಷ್ಟೇ ಬರುತ್ತಿತ್ತು. ಅವನು ಇನ್ನೂ ನಗುತ್ತಿದ್ದಾನೆ.

ವಾಪಸ್ ಮಾಡಲು ಇನ್ನೂ ಒಂದು ವಾರ ಸಮಯವಿದೆ. ಅದರ ರಟ್ಟಿನ ಡಬ್ಬ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದೇನೆ.