ಎಸಿ ತಣ್ಣಗಿದೆ, ಗಾಳಿ ಮಾತ್ರ ಬರುವುದಿಲ್ಲ. ಮತ್ತೆ ಗ್ಯಾಸ್ ತುಂಬಿಸಬೇಕಾ?

ಪ್ರಶ್ನೆ: ನಮಸ್ಕಾರ ರೀ. ನಮ್ಮದು ಹದಿಮೂರು ವರ್ಷದ ಚಿಕ್ಕ ಪೆಟ್ರೋಲ್ ಕಾರು. ಕಲಬುರಗಿ ಊರೊಳಗೆ ಓಡುತ್ತದೆ, ವಾರಕ್ಕೊಮ್ಮೆ ಸೇಡಂಗೆ ಹೋಗಿ ಬರುತ್ತೇವೆ. ಬ್ಲೋವರ್ ನಾಲ್ಕಕ್ಕೆ ಇಟ್ಟರೂ ಗಾಳಿ ಯಾರೋ ಬಾಯಲ್ಲಿ ಊದಿದ ಹಾಗೆ ಬರುತ್ತದೆ. ಹಿಂದೆ ಕೂತ ಅಮ್ಮ ಬೀಸಣಿಗೆ ಹಿಡಿದುಕೊಂಡೇ ಬರುತ್ತಾರೆ. ಹೋದ ತಿಂಗಳು ಒಬ್ಬರಿಗೆ ತೋರಿಸಿದೆ. ಗ್ಯಾಸ್ ಕಡಿಮೆಯಾಗಿದೆ ಅಂತ 1,800 ರೂಪಾಯಿ ತೆಗೆದುಕೊಂಡು ತುಂಬಿದರು. ಏನೂ ಫರಕ್ ಇಲ್ಲ. ಮತ್ತೆ ತುಂಬಿಸಬೇಕಾ?

ಎಸಿ ಮಿಸ್ತ್ರಿ: ತಡೀರಿ ಅಣ್ಣಾ, ಗ್ಯಾಸಿಗೆ ಇನ್ನೊಂದು ರೂಪಾಯಿ ಹಾಕಬೇಡಿ. ಗ್ಯಾಸ್ ಗಾಳಿಯನ್ನು ತಣ್ಣಗೆ ಮಾಡುತ್ತದೆ, ಹೊರಗೆ ತಳ್ಳುವುದಿಲ್ಲ. ತಳ್ಳುವ ಕೆಲಸ ಬ್ಲೋವರ್‌ದು. ತಂಪು ಕಡಿಮೆಯಾದರೆ ಒಂದು ರೋಗ, ಗಾಳಿ ಕಡಿಮೆಯಾದರೆ ಬೇರೆ ರೋಗ. ಮೂರು ಮಾತು ಹೇಳಿ. ಗಾಡಿ ಶುರು ಮಾಡಿದ ಕೂಡಲೇ ಗಾಳಿ ಕಡಿಮೆಯಾ, ಇಲ್ಲ ಅರ್ಧ ತಾಸು ಓಡಿದ ಮೇಲಾ? ಒಂದರಿಂದ ನಾಲ್ಕಕ್ಕೆ ತಿರುಗಿಸಿದರೆ ಬ್ಲೋವರ್ ಸದ್ದು ಏರುತ್ತದಾ? ಎಡಗಡೆ ಮುಂದಿನ ಸೀಟಿನ ಮ್ಯಾಟ್ ಒದ್ದೆ ಇದೆಯಾ?

ಪ್ರಶ್ನೆ ಕೇಳಿದವರು: ಶುರುವಿನಿಂದಲೇ ಕಡಿಮೆ. ಸದ್ದು ಸರಿಯಾಗಿ ಏರುತ್ತದೆ, ನಾಲ್ಕರಲ್ಲಂತೂ ಹುಯ್ಯೆನ್ನುತ್ತದೆ. ಮ್ಯಾಟ್ ಒಣಗೇ ಇದೆ. ಸೇಡಂ ದಾರಿಯಲ್ಲಿ ಇರುವ ಗಾಳಿಯೂ ಪೂರ್ತಿ ನಿಂತುಬಿಡುತ್ತದೆ. ಚಹಾಕ್ಕೆ ಅಂತ ಗಾಡಿ ನಿಲ್ಲಿಸಿ ಬಂದರೆ ಮತ್ತೆ ಸ್ವಲ್ಪ ಬರುತ್ತದೆ. ಶುರುವಿಗೆ ಹಸಿ ಮಣ್ಣಿನ ವಾಸನೆ.

ಎಸಿ ಮಿಸ್ತ್ರಿ: ಸದ್ದು ಇದೆ, ಗಾಳಿ ಇಲ್ಲ ಅಂದರೆ ಮೋಟಾರು ತಿರುಗುತ್ತಿದೆ, ದಾರಿ ಕಟ್ಟಿದೆ. ಚಹಾದ ಮಾತು ಹೇಳಿದ್ದು ಒಳ್ಳೆಯದಾಯಿತು. ಡ್ಯಾಶ್‌ಬೋರ್ಡ್ ಒಳಗೆ ಒಂದು ಕೂಲಿಂಗ್ ಕಾಯಿಲ್ ಇರುತ್ತದೆ. ಅದರ ಮೇಲೆ ಬಿಸಿ ಗಾಳಿ ಹರಿಯುತ್ತಲೇ ಇರಬೇಕು. ಗಾಳಿ ಸಾಲದಿದ್ದರೆ ಕಾಯಿಲ್ ಅತಿಯಾಗಿ ತಣ್ಣಗಾಗಿ, ಮೇಲಿನ ನೀರು ಹೆಪ್ಪುಗಟ್ಟಿ ಬರ್ಫ್ ಆಗುತ್ತದೆ. ಬರ್ಫ್ ಕಟ್ಟಿದ ಮೇಲೆ ಇದ್ದ ಸಂದಿಯೂ ಮುಚ್ಚುತ್ತದೆ. ನೀವು ಚಹಾ ಕುಡಿಯುವಷ್ಟರಲ್ಲಿ ಅದು ಕರಗುತ್ತದೆ. ಕಾಯಿಲ್ ಅತಿಯಾಗಿ ತಣ್ಣಗಾಗದಂತೆ ತಡೆಯುವ ಥರ್ಮೋಸ್ಟ್ಯಾಟ್ ಕೆಟ್ಟರೂ, ಗ್ಯಾಸ್ ಇಳಿದರೂ ಹೀಗೆ ಬರ್ಫ್ ಕಟ್ಟುತ್ತದೆ. ಆದರೆ ಆಗ ಶುರುವಿಗೆ ಗಾಳಿ ಜೋರಾಗೇ ಇರುತ್ತದೆ. ನಿಮ್ಮದು ಹಾಗಲ್ಲ.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎಡಗಡೆ ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಬದಿ ಒತ್ತಿದರೆ ಕೆಳಗೆ ಜೋತು ಬೀಳುತ್ತದೆ. ಬಹಳ ಗಾಡಿಗಳಲ್ಲಿ ಅದರ ಹಿಂದೆ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ, ಒಳಗೆ ಗಾಳಿಯ ಧೂಳು ಹಿಡಿಯುವ ಕ್ಯಾಬಿನ್ ಫಿಲ್ಟರ್. ಫಿಲ್ಟರ್ ತೆಗೆದಿಟ್ಟು ಮುಚ್ಚಳ ಹಾಕಿ ಬ್ಲೋವರ್ ಓಡಿಸಿ. ಗಾಳಿ ಜೋರಾದರೆ ಹೊಸ ಫಿಲ್ಟರಿಗೆ ಕೆಲಸ ಮುಗಿಯಿತು. ಆಗದಿದ್ದರೆ ಕಾಯಿಲ್.

ಶಹಾಬಾದ್ ಸದಸ್ಯರು: ನಡುವೆ ಕೇಳ್ತೀನಿ, ಕ್ಷಮಿಸಿ. ನನ್ನ ಗಾಡಿಯಲ್ಲಿ ನಾಲ್ಕರಲ್ಲಿ ಮಾತ್ರ ಗಾಳಿ ಬರುತ್ತದೆ. ಒಂದು, ಎರಡು, ಮೂರು ಸತ್ತೇ ಹೋಗಿವೆ.

ಎಸಿ ಮಿಸ್ತ್ರಿ: ನಿಮ್ಮದು ರೆಸಿಸ್ಟರ್ ಹೋಗಿರಬೇಕು, ಅಂದರೆ ಬ್ಲೋವರ್ ವೇಗ ಇಳಿಸುವ ಸಾಮಾನು. ಚಿಕ್ಕ ಸಾಮಾನು, ಎಂಜಿನ್ ಮುಟ್ಟಬೇಕಿಲ್ಲ. ಅದು ಬ್ಲೋವರ್ ಗಾಳಿಯಲ್ಲೇ ತಣ್ಣಗಾಗುವಂಥದ್ದು. ಹಾಗಾಗಿ ಹೊಸದು ಹಾಕುವ ಮೊದಲು ನಿಮ್ಮ ಫಿಲ್ಟರನ್ನೂ ನೋಡಿ, ಇಲ್ಲದಿದ್ದರೆ ಅದೂ ಸುಡುತ್ತದೆ. ಕನೆಕ್ಟರ್ ಕರಗಿದೆಯಾ ಅಂತಲೂ ನೋಡಿ.

ಪ್ರಶ್ನೆ ಕೇಳಿದವರು: ಮುಚ್ಚಳ ತೆಗೆದೆ. ಒಳಗೆ ಫಿಲ್ಟರೇ ಇಲ್ಲ! ಯಾವುದೋ ಸರ್ವಿಸ್‌ನಲ್ಲಿ ತೆಗೆದವರು ಮತ್ತೆ ಹಾಕಿಲ್ಲ. ಕೈ ಹಾಕಿದರೆ ಬೇವಿನ ಎಲೆ, ಕಡ್ಡಿ, ಬೂದಿಯಂಥ ಧೂಳು.

ಎಸಿ ಮಿಸ್ತ್ರಿ: ಹಾಗಾದರೆ ಇಷ್ಟು ವರ್ಷ ನಿಮ್ಮ ಕಾಯಿಲೇ ಫಿಲ್ಟರ್ ಆಗಿ ದುಡಿದಿದೆ. ಸೇಡಂ ಕಡೆ ಸಿಮೆಂಟ್ ಲಾರಿ ಧೂಳು, ಸುಗ್ಗಿಯಲ್ಲಿ ತೊಗರಿ ಹೊಟ್ಟು. ಕಾಯಿಲ್ ಯಾವಾಗಲೂ ಒದ್ದೆ ಇರುವುದರಿಂದ ಎಲ್ಲ ಅಲ್ಲೇ ಮೆತ್ತಿಕೊಳ್ಳುತ್ತದೆ. ವಾಸನೆಯೂ ಅದರದ್ದೇ. ಫೋಮ್ ಸ್ಪ್ರೇ ಹೊಡೆದರೆ ಸಾಕು ಅನ್ನುವವರು ಸಿಗುತ್ತಾರೆ. ತೆಳು ಧೂಳಿಗೆ ಅದು ಸರಿ. ನಿಮ್ಮದಕ್ಕೆ ಹೊಡೆದರೆ ಕೆಸರಾಗಿ ನೀರು ಹೋಗುವ ಪೈಪೂ ಕಟ್ಟುತ್ತದೆ, ಆಮೇಲೆ ಮ್ಯಾಟ್ ಮೇಲೆ ನೀರು. ಕಾಯಿಲ್ ಹೊರಗೆ ತೆಗೆಸಿಯೇ ತೊಳೆಸಿ. ಆಸಿಡ್ ಬೇಡ, ಪ್ರೆಶರ್ ನೀರೂ ಬೇಡ. ಅದು ಅಲ್ಯೂಮಿನಿಯಂ, ಎಸಳು ಮಡಚಿಕೊಂಡರೆ ಗಾಳಿ ಮತ್ತೆ ಅಷ್ಟೇ.

ಕಾಯಿಲ್ ತೆಗೆಯಲು ಗ್ಯಾಸ್ ಖಾಲಿ ಮಾಡಲೇಬೇಕು. ನಿಮ್ಮ 1,800 ಹೋಯಿತು ಅಂದುಕೊಳ್ಳಿ. ಗ್ಯಾಸನ್ನು ಸುಮ್ನೆ ಹೊರಗೆ ಬಿಡದೆ ಮೆಷಿನ್‌ಗೆ ಎಳೆದುಕೊಳ್ಳುವವರ ಹತ್ತಿರ ಹೋಗಿ. ಜೋಡಿಸುವಾಗ ಪೈಪ್ ಸೇರುವ ಕಡೆಯ ರಬ್ಬರ್ ಓ-ರಿಂಗ್ ಹೊಸದು ಹಾಕಿಸಿ. ಕನಿಷ್ಠ ಅರ್ಧ ತಾಸು ವ್ಯಾಕ್ಯೂಮ್ ಹಿಡಿಸಿ, ಅಂದರೆ ಪೈಪಿನೊಳಗಿನ ಗಾಳಿ, ತೇವ ಮೆಷಿನ್‌ನಿಂದ ಎಳೆಸಿ, ನೀವೂ ಪಕ್ಕದಲ್ಲೇ ನಿಂತಿರಿ. ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಎಷ್ಟು ಗ್ರಾಂ ಅಂತ ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲೇ ಇರುತ್ತದೆ. ಜಾಸ್ತಿ ಹಾಕಿದರೆ ತಂಪು ಹೆಚ್ಚುವುದಿಲ್ಲ, ಕಂಪ್ರೆಸರಿಗೆ ಭಾರ.

ಇನ್ನೊಬ್ಬ ಸದಸ್ಯರು: ಮುಂದೆ ರೇಡಿಯೇಟರ್ ಹತ್ತಿರದ ಜಾಲರಿ ತೊಳೆದರೆ ಆಗಲ್ವಾ?

ಎಸಿ ಮಿಸ್ತ್ರಿ: ಅದು ಕಂಡೆನ್ಸರ್, ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವಂಥದ್ದು. ತೊಳೆದರೆ ತಂಪು ಸುಧಾರಿಸಬಹುದು, ಒಳಗೆ ಬರುವ ಗಾಳಿಗೆ ಸಂಬಂಧವಿಲ್ಲ.

ಪ್ರಶ್ನೆ ಕೇಳಿದವರು (ಎಂಟು ದಿನದ ಮೇಲೆ): ಆಯಿತು ರೀ. ಎರಡು ದಿನ ಗಾಡಿ ಅಲ್ಲೇ ಬಿಟ್ಟೆ. ಕಾಯಿಲ್ ಮೇಲೆ ಕಂಬಳಿ ಹೊದಿಸಿದ ಹಾಗೆ ಧೂಳು ಕೂತಿತ್ತು. ತೊಳೆದು ಹೊಸ ಫಿಲ್ಟರ್ ಹಾಕಿದ ಮೇಲೆ ಎರಡರಲ್ಲೇ ಸಾಕಾಗುತ್ತದೆ. ನಿನ್ನೆ 42 ಡಿಗ್ರಿ ಬಿಸಿಲಲ್ಲಿ ಸೇಡಂಗೆ ಹೋಗಿ ಬಂದೆವು. ಅಮ್ಮ ಗಾಳಿ ಕಡಿಮೆ ಮಾಡು ಅಂದರು! ಫಿಲ್ಟರ್ ತೊಳೆದು ಮತ್ತೆ ಹಾಕಬಹುದಾ?

ಎಸಿ ಮಿಸ್ತ್ರಿ: ಕಾಗದದ್ದಾದರೆ ನೀರು ಮುಟ್ಟಿಸಬೇಡಿ. ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ಕಪ್ಪಾದರೆ ಬದಲಿಸಿ. ನಮ್ಮ ಧೂಳಿಗೆ ತೊಗರಿ ರಾಶಿ ಮುಗಿದ ಮೇಲೆ, ಬೇಸಿಗೆಗೆ ಮೊದಲು ಒಮ್ಮೆ ನೋಡಲೇಬೇಕು. ಹಾಕುವಾಗ ಬಾಣದ ಗುರುತು ಗಾಳಿ ಹೋಗುವ ಕಡೆಗಿರಲಿ. ಲಾರಿ ಹಿಂದೆ ಹೋಗುವಾಗ ಹೊರಗಿನ ಗಾಳಿ ಬಂದ್ ಮಾಡಿ. ಮನೆ ಬರುವ ಎರಡು ನಿಮಿಷ ಮೊದಲು ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಬಿಡಿ, ಕಾಯಿಲ್ ಆರುತ್ತದೆ. ಆಮೇಲೆ, ಆ ಬೇವಿನ ಎಲೆ ಎಲ್ಲಿಂದ ಬಂತು?

ಪ್ರಶ್ನೆ ಕೇಳಿದವರು: ಮನೆ ಮುಂದಿನ ಮರದ್ದು. ಈ ಬಿಸಿಲಲ್ಲಿ ನೆರಳು ಬಿಟ್ಟು ಗಾಡಿ ನಿಲ್ಲಿಸಲು ಅಪ್ಪ ಒಪ್ಪುತ್ತಿಲ್ಲ.

ಎಸಿ ಮಿಸ್ತ್ರಿ: ಅಪ್ಪಾವ್ರು ಹೇಳುವುದೇ ಸರಿ, ನೆರಳಲ್ಲೇ ನಿಲ್ಲಿಸಿ. ಹೊರಗಿನ ಗಾಳಿ ಒಳಗೆ ಹೋಗುವ, ವೈಪರ್ ಕೆಳಗಿನ ಜಾಲರಿಯ ಎಲೆ ದಿನಾ ಬೆಳಿಗ್ಗೆ ಬಳಿದು ತೆಗೆಯುವ ಕೆಲಸ ಅವರಿಗೇ ಒಪ್ಪಿಸಿ.