ಸಹಾಯ ಬೇಕು: ರಾತ್ರಿ ಮನೆಗೆ ನುಗ್ಗಿದವನಿಗೆ ಹೊಡೆದ ಅಪ್ಪನ ಮೇಲೇ ಕೇಸು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ನಡುವಿನ ಒಂಟಿಮನೆ. ಹೋದ ವಾರ ರಾತ್ರಿ ಎರಡು ಗಂಟೆಗೆ ಒಬ್ಬ ಹಿತ್ತಿಲ ಬಾಗಿಲ ಚಿಲಕ ಮೀಟಿ ಒಳಗೆ ಬಂದ. ಒಣಗಿದ ಅಡಿಕೆ ಮೂಟೆಗಳಿದ್ದದ್ದೂ ಅಲ್ಲೇ. ಅಪ್ಪನಿಗೆ 68 ವರ್ಷ. ಕೈಗೆ ಸಿಕ್ಕ ದೊಣ್ಣೆ ಬೀಸಿದರು, ಅವನ ಮುಂಗೈ ಮೂಳೆ ಮುರಿದಿದೆ. ಈಗ ಅವನ ಕಡೆಯವರು ದೂರು ಕೊಟ್ಟು ಅಪ್ಪನ ಮೇಲೂ ಎಫ್‌ಐಆರ್ ಆಗಿದೆ.

ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಇರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂ (ಹಳೆಯ ಐಪಿಸಿಯ 96ರಿಂದ 106) ಓದಿದೆ. ಕತ್ತಲಾದ ಮೇಲೆ ಮನೆ ಮುರಿದು ನುಗ್ಗಿದರೆ, ಆಸ್ತಿ ಉಳಿಸಿಕೊಳ್ಳಲು ತಿರುಗಿ ಹೊಡೆಯುವ ಹಕ್ಕು ಕೊಡುವ 41ನೇ ಕಲಂ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೂಡದು ಅನ್ನುತ್ತದೆ 37. ನಮ್ಮ ತಲೆನೋವು ಇಲ್ಲೇ: ಒಂದು ಪೆಟ್ಟು ಅಡುಗೆಮನೆಯಲ್ಲಿ, ಇನ್ನೊಂದು ಅವನು ಅಂಗಳಕ್ಕೆ ಓಡಿದಾಗ. ಅಪ್ಪ ಸುಳ್ಳು ಹೇಳುವ ಜಾಯಮಾನದವರಲ್ಲ, ಎರಡನ್ನೂ ಪೊಲೀಸರಿಗೆ ಹೇಳಿಬಿಟ್ಟಿದ್ದಾರೆ. ಆತ್ಮರಕ್ಷಣೆ ಅಂತ ತೋರಿಸುವ ಹೊಣೆಯೂ ನಮ್ಮದೇ.

ಶಿವಮೊಗ್ಗ ಕಡೆ ಇಂಥ ಕೇಸು ನಡೆಸಿದ ಕ್ರಿಮಿನಲ್ ವಕೀಲರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮುರಿದ ಚಿಲಕ ಮುಟ್ಟದೆ ಹಾಗೇ ಬಿಟ್ಟು ಫೋಟೋ ತೆಗೆದಿಟ್ಟಿದ್ದೇವೆ, ಮಹಜರು ಇನ್ನೂ ಆಗಿಲ್ಲ. ಬೇರೆ ಏನೇನು ಜೋಪಾನ ಮಾಡಬೇಕು? "ಹೊಡೆದದ್ದೇ ಸರಿ" ಅನ್ನುವ ಶಹಬ್ಬಾಸ್ ಬೇಡ, ಅಪ್ಪ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.